‘ನೋಡಿ ತಗೊಳ್ಳಿ’ ಅಂದರೆ ಏನನ್ನು ನೋಡಬೇಕು?

ನಿನ್ನೆ ಭಾನುವಾರ ಬೆಳಿಗ್ಗೆ ಇಲ್ಲಿ ಬೆಂಗಳೂರಿನಲ್ಲಿ ಮೀನಿನ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹುಡುಗ ನಿಂತಿದ್ದ. ಮೀನು ಕೊಂಡು ಅಭ್ಯಾಸ ಇದ್ದ ಹಾಗೆ ಕಾಣಲಿಲ್ಲ. ಹೆಂಡತಿ ಬಸುರಿಯಂತೆ, ಬಂಗುಡೆ ತಿನ್ನುವ ಆಸೆಯಂತೆ. "ಅಣ್ಣಾ, ಇದಕ್ಕೆ ಕೆಮಿಕಲ್ ಏನೂ ಹಾಕಿಲ್ಲ ಅಲ್ವಾ?" ಅಂತ ಮೆಲ್ಲಗೆ ಕೇಳಿದ. ಅಂಗಡಿಯವನು ತಲೆಯನ್ನೂ ಎತ್ತಲಿಲ್ಲ. "ನೋಡಿ ತಗೊಳ್ಳಿ ಸಾರ್. ಆಮೇಲೆ ಬಂದು ಕೇಳಬೇಡಿ" ಅಂದ.

ಹುಡುಗ ಬಗ್ಗಿ ನೋಡಿದ. ಏನು ನೋಡಬೇಕು ಅಂತ ಪಾಪ ಅವನಿಗೆ ಗೊತ್ತಿರಲಿಲ್ಲ. ನಾನೇ ಮುಂದೆ ಹೋಗಿ ಕಿವಿರು ಎತ್ತಿ ತೋರಿಸಿ, ಇದು ಬೇಡ ಅಂದೆ. ಅವನು ಹೊರಟುಹೋದ. ನಾನೂ ಬರಿಗೈಯಲ್ಲಿ ಬಂದೆ. ಆ ಮಾತು ಮಾತ್ರ ರಾತ್ರಿಯವರೆಗೂ ತಲೆ ಕೊರೆಯುತ್ತಲೇ ಇತ್ತು.

ನಾನು ಕುಂದಾಪುರದ ಕಡೆಯವಳು, ಮೀನಿಲ್ಲದ ಊಟ ನನಗೆ ಊಟವೇ ಅಲ್ಲ ಅಂತ ನಿಮಗೆಲ್ಲ ಗೊತ್ತು. ನೋಡಿ ತಗೊಳ್ಳುವುದನ್ನು ನನಗೆ ಕಲಿಸಿದ್ದು ಅಮ್ಮ. ಕಿವಿರು ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಬೂತಾಯಿಯ ಹೊಟ್ಟೆ ಒಡೆದಿರಬಾರದು. ಬಾಗಿಲಿಗೆ ಬರುತ್ತಿದ್ದ ಮೀನಿನ ಅಕ್ಕ ಬುಟ್ಟಿ ಇಳಿಸುವ ಮೊದಲೇ ಅಮ್ಮ ವಾಸನೆಯಲ್ಲಿ ಹೇಳುತ್ತಿದ್ದಳು, ಇದು ಇವತ್ತಿನದು, ಇದು ನಿನ್ನೆಯದು ಅಂತ. ನಿನ್ನೆಯದಾದರೆ ಆ ಅಕ್ಕನೇ "ಇದು ನಿಮ್ಗೆ ಬ್ಯಾಡ ಅಮ್ಮಾ" ಅನ್ನುತ್ತಿದ್ದಳು. ಮರುದಿನ ಅದೇ ಬಾಗಿಲಿಗೆ ಬರಬೇಕಿತ್ತಲ್ಲ. ನೋಡಿ ತಗೊಳ್ಳಿ ಅನ್ನುವ ಮಾತಿಗೆ ಅಲ್ಲಿ ಅರ್ಥ ಇತ್ತು.

ಫಾರ್ಮಾಲಿನ್ ಹಾಕಿದ ಮೀನಿನ ಮುಂದೆ ಅಮ್ಮನ ವಿದ್ಯೆ ನಡೆಯುವುದಿಲ್ಲ. ನನಗೆ ತಡೆಯಲಾಗದ ಸಂಕಟ ಇದೇ. ಫಾರ್ಮಾಲಿನ್ ಅಂದರೆ ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿದ್ದು. ಮೆಡಿಕಲ್ ಕಾಲೇಜುಗಳಲ್ಲಿ ಹೆಣ ಕೆಡದಂತೆ ಇಡಲು ಬಳಸುವುದು ಅದನ್ನೇ. ಅದು ಮಾಂಸದ ಪ್ರೋಟೀನನ್ನು ಹಿಡಿದು ಗಟ್ಟಿ ಮಾಡುತ್ತದೆ. ಹಾಗಾಗಿ ಒತ್ತಿದರೆ ಗುಳಿ ಬೀಳುವುದಿಲ್ಲ. ಕೊಳೆತ ವಾಸನೆ ಬರುವುದಿಲ್ಲ. ವಾರ ಕಳೆದ ಮೀನೂ ಬೆರಳಿಗೆ ಹೊಸದರ ಹಾಗೆ ಸಿಗುತ್ತದೆ. ಗ್ರಾಹಕ ಯಾವುದನ್ನು ನೋಡುತ್ತಾನೋ ಅದನ್ನೇ ಮುಚ್ಚುವ ವಸ್ತು ಅದು. ಹಾಗಿದ್ದ ಮೇಲೆ ‘ನೋಡಿ ತಗೊಳ್ಳಿ’ ಅಂದರೆ ಏನನ್ನು ನೋಡಬೇಕು?

ಅಂಗಡಿಯ ಬೋರ್ಡಿನಲ್ಲಿ ‘ಇವತ್ತಿನ ಮಂಗಳೂರು ಮೀನು’ ಅಂತ ಬರೆದಿತ್ತು. ಈಗ ಜುಲೈ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತರುವುದು ಊರಿಗೇ ಸಾಲುವುದಿಲ್ಲ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ ನಡುವೆಯೇ ಮುಗಿಯುತ್ತದೆ. ಆದ್ದರಿಂದ ಈ ತಿಂಗಳು ನಮಗೆ ಬರುವ ಮೀನಿನಲ್ಲಿ ತುಂಬಾ ಪಾಲು ತಮಿಳುನಾಡು, ಆಂಧ್ರ, ಒಡಿಶಾ ಕಡೆಯದು. ದೂರದಿಂದ ಬಂದಿದ್ದೇ ತಪ್ಪಲ್ಲ. ಸರಿಯಾಗಿ ಐಸ್ ಹಾಕಿ ತಂದರೆ ಒಳ್ಳೆಯದೇ ಇರುತ್ತದೆ. ಆದರೆ ಐಸ್‌ಗೆ ದುಡ್ಡು ಬೇಕು, ಲಾರಿಯಲ್ಲಿ ಜಾಗ ಬೇಕು, ಅದು ಕರಗುತ್ತದೆ, ದಾರಿಯಲ್ಲಿ ಮತ್ತೆ ತುಂಬಬೇಕು. ಫಾರ್ಮಾಲಿನ್‌ಗೆ ಇದ್ಯಾವುದೂ ಬೇಡ. ಆಸೆ ಹುಟ್ಟುವುದೇ ಅಲ್ಲಿ.

ಇದು ಸುಮ್ನೆ ವಾಟ್ಸ್ಆ್ಯಪ್ ಗಾಳಿಸುದ್ದಿ ಅನ್ನುವವರಿಗೆ 2018 ನೆನಪು ಮಾಡುತ್ತೇನೆ. ಆ ವರ್ಷ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ್ ರಾಣಿ’ ಅಂತ ಗಡಿಯಲ್ಲಿ ಲಾರಿ ತಡೆದು ಪರೀಕ್ಷೆ ಮಾಡಿತು. ಆರ್ಯಂಕಾವು ಚೆಕ್‌ಪೋಸ್ಟ್ ಒಂದರಲ್ಲೇ 9,000 ಕೆಜಿಗಿಂತ ಜಾಸ್ತಿ ಫಾರ್ಮಾಲಿನ್ ಮೀನು ಸಿಕ್ಕಿತು. ಮರು ತಿಂಗಳು ಗೋವಾ. ಮಡಗಾಂವ್ ಸಗಟು ಮಾರುಕಟ್ಟೆಯಲ್ಲಿ ಸ್ಥಳದಲ್ಲೇ ಮಾಡಿದ ಪರೀಕ್ಷೆಯಲ್ಲಿ ಫಾರ್ಮಾಲಿನ್ ಇದೆ ಅಂತ ಬಂತು. ಆಮೇಲೆ ಅಧಿಕಾರಿಗಳು ‘ಮಿತಿಯೊಳಗೇ ಇದೆ’ ಅಂದರು. ಜನ ಸಿಟ್ಟಿಗೆದ್ದರು. ಮೀನಿಗೆ ಫಾರ್ಮಾಲಿನ್ ಹಾಕಲು ನಮ್ಮ ಕಾನೂನಿನಲ್ಲಿ ಅನುಮತಿಯೇ ಇಲ್ಲ, ಮತ್ತೆ ಮಿತಿ ಎಲ್ಲಿಂದ ಬಂತು ಅಂತ ಕೇಳಿದರು. ಕೊನೆಗೆ ಸರ್ಕಾರ ಹೊರಗಿನ ಮೀನನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಅದರ ಬಿಸಿ ನಮ್ಮ ಕಾರವಾರದ ಮೀನಿನ ಲಾರಿಗಳಿಗೂ ತಟ್ಟಿತು.

ಕೆಲವು ಮೀನುಗಳಲ್ಲಿ ಫಾರ್ಮಾಲ್ಡಿಹೈಡ್ ತಾನಾಗಿಯೇ ಸ್ವಲ್ಪ ಇರುತ್ತದೆ, ಅದು ನಿಜ. ಹಾಗಿದ್ದರೆ ಎಷ್ಟು ಸಿಕ್ಕಿತು, ಯಾವ ಮೀನಿನಲ್ಲಿ ಸಿಕ್ಕಿತು ಅಂತ ಸಂಖ್ಯೆ ಮುಂದಿಡಿ. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ತೀರ್ಮಾನಿಸಿದೆ. ಆ ತೀರ್ಮಾನಕ್ಕೆ ಆಧಾರ ಮುಖ್ಯವಾಗಿ ಅದನ್ನು ಉಸಿರಾಡುವವರ ಮೇಲಿನ ಅಧ್ಯಯನಗಳು, ಒಪ್ಪುತ್ತೇನೆ. ಹಾಗಂತ ಅದನ್ನು ನನ್ನ ಮಗಳ ತಟ್ಟೆಗೆ ಹಾಕಲೇ?

ಮಗಳ ವಿಷಯ ಬಂತು, ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಕೇದರ್, ಅಂದರೆ ಟ್ಯೂನಾ ಮೀನು, ತಂದು ಸಾರು ಮಾಡಿದ್ದೆ. ಅಮ್ಮ ಇಲ್ಲಿಗೆ ಬಂದಿದ್ದಳು. ಮೀನು ಮುಟ್ಟಿ ನೋಡಿ "ಇದ್ಯಾಕೋ ಸರಿ ಇಲ್ಲ" ಅಂದಳು. ನಿನಗೆ ಬೆಂಗಳೂರಿನ ಯಾವ ಮೀನೂ ಸರಿ ಕಾಣುವುದಿಲ್ಲ ಅಂತ ನಾನು ರೇಗಿದೆ. ಉಂಡು ಅರ್ಧ ಗಂಟೆಯಾಗಿರಲಿಲ್ಲ, ಮಗುವಿನ ಮುಖ ಕೆಂಡದ ಹಾಗೆ ಕೆಂಪಾಯಿತು. ಮೈಯೆಲ್ಲ ತುರಿಕೆ, ತಲೆನೋವು. ಡಾಕ್ಟರು ಇದು ಮೀನಿನ ಅಲರ್ಜಿ ಅಲ್ಲ, ಕೆಟ್ಟ ಮೀನಿನಲ್ಲಿ ಸೇರುವ ಹಿಸ್ಟಮೀನ್ ಅನ್ನುವ ವಸ್ತುವಿನ ಕೆಲಸ ಅಂದರು. ಬಂಗುಡೆ, ಕೇದರ್, ಬೂತಾಯಿಯಂಥ ಮೀನನ್ನು ಐಸ್ ಇಲ್ಲದೆ ಬಿಟ್ಟರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮೀನ್ ಮಾಡುತ್ತವೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಎರಡು ದಿನದಲ್ಲಿ ಮಗು ಸರಿಯಾದಳು. ನಾನು ಮಾತ್ರ ಆಗಿಲ್ಲ. ಅಮ್ಮನ ಮಾತು ಕೇಳಲಿಲ್ಲ. ಉಳಿದ ಮೀನನ್ನು ಎಸೆದುಬಿಟ್ಟೆ. ದೂರನ್ನೂ ಕೊಡಲಿಲ್ಲ. ನಾನೇ ಸರಿಯಾಗಿ ನೋಡಿ ತಗೊಳ್ಳಲಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಆ ಮಾತು ಮಾಡುವ ಕೆಲಸವೇ ಇದು. ತಪ್ಪನ್ನು ತಿಂದವರ ತಲೆಗೆ ಕಟ್ಟುತ್ತದೆ.

ದೂರು ಕೊಡಬಹುದಿತ್ತಲ್ಲ ಅನ್ನುತ್ತೀರಿ. ಆಮೇಲೆ ಕಾನೂನು ಓದಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರು ಯಾರು ಬೇಕಾದರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ತಪ್ಪು ಸಿಕ್ಕರೆ ದುಡ್ಡು ವಾಪಸ್. ಆದರೆ ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಅಂತ ಮಾರುವವನಿಗೆ ಹೇಳಬೇಕು. ಅರ್ಧ ಕೆಜಿ ಬಂಗುಡೆ ಕೊಳ್ಳುವ ಆ ಹುಡುಗ ಈ ಮಾತು ಹೇಳಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಹೀಗೆ ಬರೆದಾಗಲೆಲ್ಲ ಊರಿನ ಗೆಳೆಯರು ಒಂದು ಮಾತು ಹೇಳುತ್ತಾರೆ. ನೀನು ಹೀಗೆ ಬರೆದರೆ ಮೀನುಗಾರರ ಹೊಟ್ಟೆಗೆ ಹೊಡೆದ ಹಾಗೆ ಅಂತ. ಇಲ್ಲ. 2018ರಲ್ಲಿ ಹೆದರಿಕೆ ಹಬ್ಬಿದಾಗ ಸಾಚಾ ಮೀನು ಮಾರುವವರಿಗೂ ಏಟು ಬಿತ್ತಲ್ಲ, ಯಾಕೆ? ‘ನನ್ನದು ಒಳ್ಳೆಯದು’ ಅಂತ ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಪರೀಕ್ಷೆ ಬೇಕಾಗಿರುವುದು ನನಗಿಂತ ಜಾಸ್ತಿ ಅವರಿಗೆ. ಮೀನು ಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಬಂಗುಡೆ, ಬೂತಾಯಿಯಂಥ ಸಣ್ಣ ಮೀನಿನಲ್ಲಿ ಪಾದರಸ ಕಡಿಮೆ. ದೊಡ್ಡ ಮೀನು ಸಣ್ಣದನ್ನು ತಿಂದು ತಿಂದು ಪಾದರಸ ಕೂಡಿಸಿಕೊಳ್ಳುತ್ತದೆ. ಬಸುರಿಗೆ ಒಳ್ಳೆಯ ಬಂಗುಡೆಗಿಂತ ಒಳ್ಳೆಯ ಊಟ ಏನಿದೆ? ಆ ಹುಡುಗ ಸರಿಯಾದದ್ದನ್ನೇ ಕೇಳಲು ಬಂದಿದ್ದ.

ಪರೀಕ್ಷೆ ಕಷ್ಟವೂ ಅಲ್ಲ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಕಾಗದದ ಪಟ್ಟಿಯ ಕಿಟ್ ಮಾಡಿ ವರ್ಷಗಳೇ ಆದವು. ಮೀನಿಗೆ ಒತ್ತಿ, ಒಂದು ಹನಿ ದ್ರಾವಣ ಹಾಕಿದರೆ ಕೆಲವೇ ನಿಮಿಷದಲ್ಲಿ ಬಣ್ಣ ಹೇಳುತ್ತದೆ. ಕೇರಳದ ಗಡಿಯಲ್ಲಿ ಬಳಸಿದ್ದು ಅದನ್ನೇ. ಮನಸ್ಸು ಮಾಡಿದರೆ ನಮ್ಮ ಸರ್ಕಾರಕ್ಕೂ ಆಗುತ್ತದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿ, 107 ಅಸುರಕ್ಷಿತ ಅಂತ ಆರೋಗ್ಯ ಸಚಿವರೇ ಎಲ್ಲರ ಮುಂದೆ ಹೇಳಿದರು. ಕೃತಕ ಬಣ್ಣ ನಿಷೇಧಿಸಿದರು. ಜೂನ್‌ನಲ್ಲಿ ಕಬಾಬ್‌ಗೂ, ಮೀನಿನ ಕಬಾಬ್‌ಗೂ ಅದೇ ಆಯಿತು. ಗೋಬಿ ತಿನ್ನುವವರಿಗೆ ಯಾರೂ ‘ನೋಡಿ ತಿನ್ನಿ’ ಅನ್ನಲಿಲ್ಲ. ಮೀನಿನ ಮೇಲೆ ಹಾಕುವ ಬಣ್ಣಕ್ಕೆ ಸಿಕ್ಕ ಕಾಳಜಿ ಮೀನಿಗೂ ಸಿಗಲಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಇವತ್ತು ಕೂತು ಆಹಾರ ಸುರಕ್ಷತಾ ಅಧಿಕಾರಿಗೆ ಅರ್ಜಿ ಬರೆದಿದ್ದೇನೆ. ಒಂದೇ ಪುಟ. ಮೀನಿನ ನಿಷೇಧದ ಈ ಎರಡು ತಿಂಗಳು ಸಗಟು ಮಾರುಕಟ್ಟೆಗೆ ಬರುವ ಲಾರಿಗಳನ್ನು ದಿನವೂ ಕಿಟ್ ಹಿಡಿದು ಪರೀಕ್ಷಿಸಿ. ಎಲ್ಲಿಂದ ಬಂತು, ಎಂದು ಬಂತು, ಪರೀಕ್ಷೆಯಲ್ಲಿ ಏನು ಸಿಕ್ಕಿತು ಅಂತ ಬಾಗಿಲಲ್ಲಿ ಬೋರ್ಡಿಗೆ ಬರೆಯಿರಿ. ಆಗ ನಮಗೂ ನೋಡಲು ಏನಾದರೂ ಇರುತ್ತದೆ.

ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಅರ್ಜಿ ಹಿಡಿದು ಅದೇ ಅಂಗಡಿಯ ಹತ್ತಿರ ನಿಂತಿರುತ್ತೇನೆ. ಮೊದಲ ಸಹಿ ಅಮ್ಮನದು, ಊರಿನಿಂದ ಬರುತ್ತಿದ್ದಾಳೆ. ನಮ್ಮ ಏರಿಯಾದವರು ಬನ್ನಿ. ಅಂಗಡಿಯವನ ಸಹಿಯನ್ನೂ ಕೇಳುತ್ತೇನೆ.