ಸತ್ತವರ ದಿನ ಮುಗಿದ ಮೇಲೆ ಯಾಕೆ ಯಾರೂ ಕೇಳಲ್ಲ?

ಯಾರಾದರೂ ತೀರಿಕೊಂಡರೆ ಸಾಕು, ದುಃಖಕ್ಕೆ ಐದು ಹಂತ ಅಂತ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಬರುತ್ತದೆ. ಮೊದಲು ನಂಬಲ್ಲ, ಆಮೇಲೆ ಸಿಟ್ಟು, ಕೊನೆಗೆ ಒಪ್ಪಿಕೊಳ್ಳುವುದು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಇದನ್ನು ಬರೆದಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಹಿಂದೆ ಉಳಿದವರ ಅಳತೆಗೆ ಹೊಲಿದದ್ದಲ್ಲ. ನಮ್ಮವ್ವ ಅಂತೂ ಯಾವ ಹಂತವನ್ನೂ ಸಾಲಾಗಿ ಹತ್ತಲಿಲ್ಲ.

ಅಪ್ಪ ಹೋದಾಗ ನಾನು ಇಂಗ್ಲೆಂಡಿನಿಂದ ಕುಷ್ಟಗಿ ಹತ್ತಿರದ ನಮ್ಮೂರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಮ್ಮ ಕಡೆ ಒಂದು ದಿನಕ್ಕಿಂತ ಜಾಸ್ತಿ ಇಡಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಎರಡು ಮೂರು ವಾರ ಕಾಯುತ್ತಾರೆ, ದೂರದ ಮಗನಿಗೆ ಅನುಕೂಲ. ಆದರೆ ಆ ವಾರಗಳಲ್ಲಿ ಮನೆಗೆ ಕಾರ್ಡು ಬರುತ್ತವೆ, ಜನ ಬರುವುದು ಕಡಿಮೆ. ಊರಲ್ಲಿ ಮಾತಾಡಿಸೋಕೆ ಬರುವವರಿಗೆ ಕೊನೆಯೇ ಇಲ್ಲ. ಬಂದವರೆಲ್ಲ "ಹೆಂಗಾತವ್ವಾ?" ಅಂತಾರೆ, ಅವ್ವ ಅಪ್ಪ ಬೆಳಗ್ಗೆ ಎದ್ದು ನೀರು ಕೇಳಿದ್ದರಿಂದ ಹಿಡಿದು ಪೂರ್ತಿ ಹೇಳುತ್ತಾಳೆ, ಹಾಡ್ಯಾಡಿ ಅಳುತ್ತಾಳೆ, ಕಣ್ಣೊರೆಸಿಕೊಂಡು ಎಮ್ಮೆಗೆ ನೀರು ಕುಡಿಸಿದ್ರೇನು ಅಂತ ಕೂಗುತ್ತಾಳೆ. ಇಲ್ಲಿಯ ಗೆಳೆಯರಿಗೆ ಇದು ನಾಟಕ ಅನಿಸೀತು. ಆದರೆ ದುಃಖದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಶುಟ್ 1999ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ನೊಂದವರು ಒಮ್ಮೆ ದುಃಖಕ್ಕೆ, ಒಮ್ಮೆ ಬದುಕಿನ ಕೆಲಸಕ್ಕೆ ಹೋಗಿ ಬರುತ್ತಾ ಇರುತ್ತಾರೆ, ಎರಡೂ ಬೇಕು. ಬಿಡದೆ ಕಾಡುವ ದುಃಖಕ್ಕೆ ಕೊಡುವ ಚಿಕಿತ್ಸೆಯಲ್ಲೂ ಸಾವಿನ ಕತೆಯನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ನಮ್ಮೂರಲ್ಲಿ ಅದು ಪುಕ್ಕಟೆ.

ಹೋದವರನ್ನು ಮನಸ್ಸಿನಿಂದ ಬಿಟ್ಟುಬಿಡಬೇಕು ಅನ್ನೋದನ್ನು ಈಗ ಮನಶ್ಶಾಸ್ತ್ರಜ್ಞರೇ ಒಪ್ಪಲ್ಲ. ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಡೆಯಲ್ಲಿ ಬೀಡಿ ಕಟ್ಟು ಇಡುವ ಅವ್ವನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿ, 680ರಲ್ಲಿ ಕರ್ಬಲಾದಲ್ಲಿ ಸತ್ತ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ದುಃಖವನ್ನು ನಮ್ಮ ಕಡೆ ಜನ, ಯಾವ ಧರ್ಮ ಅಂತ ನೋಡದೆ, ಇವತ್ತಿಗೂ ಕನ್ನಡ ಪದ ಕಟ್ಟಿ ಹಾಡುತ್ತಾರೆ.

ನನಗೆ ಸಿಟ್ಟು ಬರೋದು ಬೇರೆ ಕಡೆ. ಅವ್ವನ ಬಳೆ ಒಡೆಸಿದರಲ್ಲ, ಅದು ಯಾರ ಸಮಾಧಾನಕ್ಕೆ? ಸತ್ತವರ ದಿನ, ಅಂದರೆ ತಿಥಿ ಕಾರ್ಯ, ಮುಗಿದ ಮೇಲೆ ಎಲ್ಲರೂ ಗಪ್‌ಚಿಪ್. ಅಮೆರಿಕದ ಮನೋವೈದ್ಯರು 2022ರಲ್ಲಿ ದೀರ್ಘ ಶೋಕವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸುವಾಗಲೂ ದೊಡ್ಡವರಿಗೆ ಒಂದು ವರ್ಷವಾದರೂ ಕಳೆದಿರಬೇಕು ಅಂದರು. ನಮ್ಮವರು ತಿಂಗಳಿಗೇ "ಇನ್ನಾ ಎಷ್ಟ್ ದಿನ ಅಳ್ತೀ" ಅಂತಾರೆ. ಗಂಡಸರಿಗೆ ಅಷ್ಟೂ ಇಲ್ಲ. ಹೆಂಡತಿಯನ್ನು ಕಳಕೊಂಡ ನಮ್ಮ ಕಾಕಾನ ಮಗ ಕಟ್ಟೆ ಮೇಲೆ ಕೂತರೆ ಮಳೆ, ತೊಗರಿ ರೇಟು, ಎಲೆಕ್ಷನ್ನು ಎಲ್ಲ ಬರುತ್ತವೆ, ಆಕೆ ಹೆಸರು ಬರಲ್ಲ. ಇಲ್ಲಿ ನನ್ನ ಆಫೀಸಿನಲ್ಲಿ ಒಬ್ಬಾಕೆ, ಎಷ್ಟೋ ತಿಂಗಳಾದ ಮೇಲೆ, ನಿಮ್ಮ ತಂದೆ ಎಂಥವರಿದ್ದರು ಅಂತ ಸುಮ್ನೆ ಕೇಳಿದಳು. ಅರ್ಧ ತಾಸು ಮಾತಾಡಿದೆ. ಅಂಥ ಪ್ರಶ್ನೆಯನ್ನು ಕಾಕಾನ ಮಗನಿಗೆ ಊರಲ್ಲಿ ಒಬ್ಬರೂ ಕೇಳಿಲ್ಲ. ಎರಡನೇ ಮದುವೆ ಮಾತು ಮಾತ್ರ ಆಗಲೇ ತಂದಿದ್ದಾರೆ.