ದುಡ್ಡು ಕೊಡುತ್ತೀರಿ, ಯಾವತ್ತು ಎಂದು ಹೇಳುವುದಿಲ್ಲ

"ಬಿಟ್ಟಿ ಭಾಗ್ಯದಿಂದ ಹೆಂಗಸರೆಲ್ಲ ಸೋಮಾರಿಗಳಾಗಿದ್ದಾರೆ, ಕೂಲಿಗೆ ಕರೆದರೆ ಬರುವುದಿಲ್ಲ" ಎಂದು ಅರಳಿಕಟ್ಟೆಯಲ್ಲಿ ಕೂತು ಹೇಳುವವರಿಗೆ ಮೊದಲು ಒಂದು ಲೆಕ್ಕ ಒಪ್ಪಿಸಿಬಿಡುತ್ತೇನೆ. ಮಧುಗಿರಿ ತಾಲ್ಲೂಕಿನ ನಮ್ಮ ಮಿಡಿಗೇಶಿ ಕಡೆ ಹೆಣ್ಣಾಳಿಗೆ ದಿನದ ಕೂಲಿ 400 ರೂಪಾಯಿ. ಮನೆಯ ಯಜಮಾನಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ಎಂದರೆ ಐದು ದಿನದ ಕೂಲಿ. ಐದು ದಿನದ ಕೂಲಿಯಲ್ಲಿ ತಿಂಗಳೆಲ್ಲ ಕೂತು ಉಣ್ಣುವ ಮನೆ ಯಾವುದಿದೆ, ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಹೊಲದಲ್ಲಿ ಕಳೆ ಕೀಳುವವರೂ ಅದೇ ಹೆಂಗಸರೇ.

ನನ್ನ ಸಿಟ್ಟು ದುಡ್ಡಿನ ಮೇಲಲ್ಲ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳು, ಎರಡು ಎಕರೆ ಖುಷ್ಕಿ ಹೊಲ, ಒಂದು ಸೀಮೆಹಸು, ಇಷ್ಟನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಮೊದಲ ಕಂತು ಕೈಗೆ ಬಂದಾಗಿನಿಂದ ಬೂಸಾ ಮೂಟೆಗೋ ಮಗಳ ನೋಟ್‌ಬುಕ್ಕಿಗೋ ಮೈದುನನ ಮನೆ ಬಾಗಿಲಲ್ಲಿ ನಿಲ್ಲುವುದು ತಪ್ಪಿತು. ಯಾಕೆ ಬೇಕು, ಹೋದ ಸಲ ಕೊಟ್ಟಿದ್ದು ಏನಾಯಿತು ಎಂದು ಯಾರೂ ಕೇಳದ ದುಡ್ಡು ಅದು. ಹಾಗೆ ಕೇಳಿಸಿಕೊಂಡು ಬದುಕಿದವರಿಗೇ ಅದರ ಬೆಲೆ ಗೊತ್ತು. ಯಾರು ಏನೇ ಅನ್ನಲಿ, ಈ ಯೋಜನೆ ನಿಲ್ಲಬಾರದು.

ಆದರೆ ಅದಕ್ಕೊಂದು ತಾರೀಖು ಬೇಡವೇ?

ಸಂಘದ ಸಾಲದ ಕಂತಿಗೆ ವಾರ ಗೊತ್ತಾಗಿದೆ. ಶಾಲೆಯ ವ್ಯಾನಿನವರಿಗೆ ತಿಂಗಳ ಐದನೇ ತಾರೀಖು. ಡೈರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಆಗುತ್ತದೆ. ಸರ್ಕಾರ ಕೊಡುವ ದುಡ್ಡಿಗೆ ಮಾತ್ರ ದಿನವಿಲ್ಲ, ವಾರವಿಲ್ಲ. ಒಂದು ತಿಂಗಳು ಬರುತ್ತದೆ, ಇನ್ನೊಂದು ತಿಂಗಳು ಇಲ್ಲ, ಆಮೇಲೆ ಯಾವತ್ತೋ ಎರಡು ಕಂತು ಸೇರಿ ಬರುತ್ತವೆ. ಕೇಳಿದರೆ, "ಒಟ್ಟಿಗೇ ಬಂತಲ್ಲಮ್ಮಾ, ನಿಮಗೇನು ನಷ್ಟ?" ಎನ್ನುತ್ತಾರೆ.

ನಷ್ಟ ಏನೆಂದು ಹೇಳುತ್ತೇನೆ, ಕೇಳಿ. ನಮ್ಮ ಕೆಂಪು ನೆಲದಲ್ಲಿ ಮಳೆ ಬಿದ್ದ ಮೇಲೆ ಹದ ನಿಲ್ಲುವುದು ಎರಡು ಮೂರು ದಿನ. ಗಾಳಿ ಎದ್ದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಕಡಲೆಕಾಯಿ ಬಿತ್ತನೆ ಮುಗಿಯಬೇಕು. ಗಂಡ ಹೆಂಡತಿ ಇಬ್ಬರೂ ಇರುವ ಮನೆಯಲ್ಲಿ ಕೈಯಲ್ಲಿ ಕಾಸಿಲ್ಲದಿದ್ದರೂ ಬೇಸಾಯ ಸಾಗುತ್ತದೆ. ಒಬ್ಬರು ಪಕ್ಕದವರ ಹೊಲಕ್ಕೆ ಮುಯ್ಯಾಳಾಗಿ, ಎಂದರೆ ಕೂಲಿಯಿಲ್ಲದೆ ಆಳಿಗೆ ಆಳಾಗಿ, ಹೋದರೆ ಇನ್ನೊಬ್ಬರು ತಮ್ಮ ಹೊಲದಲ್ಲಿರುತ್ತಾರೆ. ನಾನು ಮುಯ್ಯಿ ತೀರಿಸಲು ಹೋದರೆ ನನ್ನ ಹೊಲದಲ್ಲಿ ಯಾರಿರಬೇಕು? ಹಸುವಿಗೆ ಯಾರು ನೀರಿಡಬೇಕು? ಸಣ್ಣವನಿಗೆ ಜ್ವರ ಬಂದರಂತೂ ಆ ದಿನ ಮುಗಿದಂತೆ. ಹಾಗಾಗಿ ಟ್ರ್ಯಾಕ್ಟರಿಗೆ, ಕೂರಿಗೆಯವರಿಗೆ, ಬೀಜ ಬಿಡುವವರಿಗೆ, ಎಲ್ಲರಿಗೂ ನಾನು ನಗದು ಎಣಿಸಬೇಕು, ಅದೂ ಅವತ್ತೇ ಎಣಿಸಬೇಕು. ಇಲ್ಲದಿದ್ದರೆ ಟ್ರ್ಯಾಕ್ಟರಿನವನು ದುಡ್ಡಿದ್ದವರ ಹೊಲಗಳನ್ನೆಲ್ಲ ಮುಗಿಸಿ ನನ್ನ ಹೊಲಕ್ಕೆ ಬರುವಷ್ಟರಲ್ಲಿ ಹದ ಆರಿರುತ್ತದೆ. ಹೋದ ಮುಂಗಾರಿನಲ್ಲಿ ಆದದ್ದೇ ಇದು. ಬದುವಿನ ಆಚೆ ಸಾಲು ಹಿಡಿದು ಮೊಳಕೆ ಎದ್ದಿತ್ತು, ಈಚೆ ನನ್ನ ಹೊಲದಲ್ಲಿ ಮಾರಿಗೊಂದು. ನಿಂತಿದ್ದ ಕಂತುಗಳು ಸೇರಿ ಬಂದದ್ದು ಕಳೆ ಕೀಳುವ ಹೊತ್ತಿಗೆ. ಆ ದುಡ್ಡು ಹಿಡಿದುಕೊಂಡು ಹಿಂದಿನ ತಿಂಗಳಿಗೆ ಹೋಗಿ ಬಿತ್ತಿ ಬರಲೇ?

ಕಂತು ಬಾರದ ತಿಂಗಳು ಮನೆ ನಡೆಯುವುದು ಸಾಲದಲ್ಲಿ. 2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬೇಕಾಗಿದ್ದ ಕಾನೂನೇ, ತಕರಾರಿಲ್ಲ. ಆದರೆ ಅದೇ ಫೆಬ್ರುವರಿಯ ಗೃಹಲಕ್ಷ್ಮಿ ನನಗೆ ಬರಲಿಲ್ಲ, ಮಾರ್ಚ್ ತಿಂಗಳದೂ ಬರಲಿಲ್ಲ. ಆ ಎರಡು ಕಂತುಗಳ ವಿಷಯಕ್ಕೆ ವರ್ಷದ ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಗದ್ದಲವೇ ನಡೆಯಿತು. ಸಾಲ ಕೊಟ್ಟವರು ಪೀಡಿಸಬಾರದು ಎಂದು ಕಾನೂನು ಮಾಡಿದ ತಿಂಗಳಲ್ಲೇ ನಮ್ಮನ್ನು ಸಾಲ ಕೊಡುವವರ ಬಾಗಿಲಿಗೆ ಕಳಿಸಿದರಲ್ಲ, ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಬಂದ ಮೇಲಾದರೂ ಸಲೀಸಾಗಿ ಕೈಗೆ ಸಿಗುತ್ತದೆಯೇ? ಬ್ಯಾಂಕ್ ದೂರ, ಹೋಗಿ ಬರಲು ಅರ್ಧ ದಿನದ ಕೂಲಿ ಹೋಗುತ್ತದೆ. ಊರ ಹತ್ತಿರದ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಕಡಲೆಕಾಯಿ ಗಿಡ ಕಿತ್ತು, ಕಾಯಿ ಬಿಡಿಸಿ ಬೆರಳ ತುದಿ ಸವೆದಿರುತ್ತದೆ, ಗೆರೆಯೇ ಇರುವುದಿಲ್ಲ. "ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡು ಇನ್ನೊಮ್ಮೆ ಒತ್ತಿ ಅಕ್ಕಾ" ಎನ್ನುತ್ತಾನೆ ಆ ಹುಡುಗ. ಪಾಪ, ಅವನೇನು ಮಾಡಿಯಾನು. ಒರೆಸಿ ಒತ್ತುತ್ತೇನೆ, ಬೆರಳು ಬದಲಿಸಿ ಒತ್ತುತ್ತೇನೆ, ಕೆಂಪು ದೀಪವೇ ಬರುತ್ತದೆ. ದುಡಿದು ಸವೆದ ಕೈಯನ್ನು ನಿನ್ನದಲ್ಲ ಎನ್ನುವ ಯಂತ್ರವನ್ನು ದುಡಿಯುವವರ ಮುಂದೆಯೇ ತಂದಿಟ್ಟಿದ್ದಾರೆ.

ಸ್ವಲ್ಪವಾದರೂ ಲೆಕ್ಕಕ್ಕೆ ಸಿಗುವ ದುಡ್ಡೆಂದರೆ ಪಿಎಂ ಕಿಸಾನ್. 2019ರಲ್ಲಿ ಶುರುವಾದದ್ದು, ವರ್ಷಕ್ಕೆ 6,000, ನಾಲ್ಕು ತಿಂಗಳಿಗೊಮ್ಮೆ 2,000. ಅದು ನನಗೆ ಬರುವುದಿಲ್ಲ. ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇದೆ. ತಂದೆಗಿಂತ ಮೊದಲೇ ಮಗ ತೀರಿಕೊಂಡಿದ್ದರೆ ಅವನ ಹೆಂಡತಿಗೂ ಪಾಲಿದೆ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಕಾಯ್ದೆ ಪುಸ್ತಕದಲ್ಲಿದೆ, ವಂಶವೃಕ್ಷಕ್ಕೆ ಸಹಿ ಹಾಕಬೇಕಾದ ಮೈದುನ ಊರಲ್ಲಿದ್ದಾನೆ. "ಮಾಡೋಣ ಇರಿ ಅತ್ತಿಗೆ, ಏನವಸರ" ಎನ್ನುತ್ತಾನೆ. ಕಚೇರಿಯಲ್ಲಿ, ಮೊದಲು ಮನೆಯವರೆಲ್ಲ ಒಪ್ಪಿಕೊಂಡು ಬನ್ನಿ ಎನ್ನುತ್ತಾರೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಗದಿದ್ದರೆ ನನ್ನ ಹೆಸರಿಗೆ ಪಹಣಿಯಿಲ್ಲ. ಪಹಣಿಯಿಲ್ಲದಿದ್ದರೆ ಸರ್ಕಾರ ರೈತರಿಗೆ ಕೊಡುವ ಫ್ರೂಟ್ಸ್ ಗುರುತಿನ ಸಂಖ್ಯೆಗೆ ಜಮೀನು ಜೋಡಣೆಯಾಗುವುದಿಲ್ಲ. ಅದಾಗದಿದ್ದರೆ ರೈತ ಸಂಪರ್ಕ ಕೇಂದ್ರದ ಸಬ್ಸಿಡಿ ಬೀಜವಿಲ್ಲ, ಬೆಂಬಲ ಬೆಲೆಗೆ ರಾಗಿ ಕೊಡುವಂತಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ದರಕ್ಕೆ ನಾನು ಅಳೆದು ಕೊಟ್ಟೆ.

2023ರ ಬರವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರಾಗಿ ತೆನೆ ಕಟ್ಟುವ ಮೊದಲೇ ಸುಟ್ಟು ಹೋಯಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರದ ಬರ ಪರಿಹಾರ ಬಿಡುಗಡೆಯಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಎಂದರೆ ನನ್ನ ಎರಡು ಎಕರೆಗೆ ಸುಮಾರು 6,800 ರೂಪಾಯಿ. ಉತ್ತವಳು ನಾನು, ಬಿತ್ತಿದವಳು ನಾನು, ಒಣಗಿದ ಹುಲ್ಲು ಕೊಯ್ದು ಹಸುವಿಗೆ ಹಾಕಿದವಳೂ ನಾನು. ದಾಖಲೆಯಲ್ಲಿ ರೈತ ಯಾರೆಂದರೆ ಸತ್ತುಹೋದ ನನ್ನ ಮಾವ. ಆ ದುಡ್ಡು ಯಾರಿಗೂ ಬರಲಿಲ್ಲ. ಪಹಣಿ ನೆಟ್ಟಗಿದ್ದವರ ಪಾಡೂ ಏನು ಹೇಳುವುದು, ಪರಿಹಾರವನ್ನು ಹಲವು ಕಡೆ ಬ್ಯಾಂಕಿನವರು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡರು. ಹಾಗೆ ಮಾಡಬೇಡಿ ಎಂದು ಆಮೇಲೆ ಸರ್ಕಾರವೇ ಹೇಳಬೇಕಾಯಿತು. ಗಂಡನ ಸಾಲಕ್ಕೆ ನಾನು ಜಾಮೀನು ಹಾಕಿದ್ದೆನೆಂದು ನನ್ನ 800 ರೂಪಾಯಿ ವಿಧವಾ ವೇತನವನ್ನೂ ತಡೆಹಿಡಿದಿದ್ದರು. ಎಂಟುನೂರು ರೂಪಾಯಿ! ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬ್ಯಾಂಕಿನ ಮುಂದೆ ಕೂತ ಮೇಲೆ ಬಿಟ್ಟರು.

ನನಗಿಂತ ಕಷ್ಟದಲ್ಲಿರುವವರೂ ಇದ್ದಾರೆ. ಗಂಡ ಬಿಟ್ಟು ಹೋದವಳಿಗೆ ಗಂಡನ ಮರಣ ಪ್ರಮಾಣಪತ್ರವಿಲ್ಲ, ಹಾಗಾಗಿ ವಿಧವಾ ವೇತನವೂ ಇಲ್ಲ. ಹೆಂಡತಿ ಸತ್ತು ಎಳೆಯ ಮಕ್ಕಳನ್ನು ಸಾಕುತ್ತಿರುವ ಗಂಡಸಿಗೆ ಗೃಹಲಕ್ಷ್ಮಿ ಇಲ್ಲ, ಯಾಕೆಂದರೆ ಆ ಮನೆಯ ಪಡಿತರ ಚೀಟಿಯಲ್ಲಿ ಯಜಮಾನಿಯೇ ಇಲ್ಲ. ಒಬ್ಬರೇ ನಡೆಸುವ ಮನೆ ಎಂಬುದೊಂದು ಇದೆ ಎಂದು ಅರ್ಜಿ ನಮೂನೆ ಬರೆಯುವವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.

ಹೆಚ್ಚು ಕೊಡಿ ಎಂದು ನಾನು ಕೇಳುತ್ತಿಲ್ಲ. ಕೊಡುವ 2,000ವನ್ನು ಗೊತ್ತಾದ ತಾರೀಖಿಗೆ ಕೊಡಿ, ನೌಕರರ ಸಂಬಳ ಹೇಗೆ ಕೊಡುತ್ತೀರೋ ಹಾಗೆ. ಉಳುವವಳ ಹೆಸರನ್ನು ಪಹಣಿಗೆ ತರುವ ಕೆಲಸವನ್ನು ಮೈದುನನ ಮರ್ಜಿಗೆ ಬಿಡದೆ ನೀವೇ ಊರಿಗೆ ಬಂದು ಮಾಡಿ. ಖಜಾನೆಯಲ್ಲಿ ದುಡ್ಡಿಲ್ಲದೆ ಕಂತು ತಡವಾಗುವುದಾದರೆ ಅದನ್ನಾದರೂ ಮೊಬೈಲಿಗೆ ಒಂದು ಸಂದೇಶ ಕಳಿಸಿ ತಿಳಿಸಿ, ಟ್ರ್ಯಾಕ್ಟರಿನವನಿಗೆ ನಾನು ಸುಳ್ಳು ಹೇಳುವುದು ತಪ್ಪುತ್ತದೆ. ಸಾಲ ಕೊಟ್ಟ ಕಂಪನಿಯವರು ಕಂತಿಗೆ ಎರಡು ದಿನ ಮೊದಲೇ ಕಳಿಸುತ್ತಾರೆ, ಒಂದು ಸಲವೂ ತಪ್ಪಿಸಿಲ್ಲ.