ಎಲ್ಲಾ ಟರ್ಕಿನೂ ಒಂದೇ ಶೆಡ್ಡಿಗೆ ತುಂಬೋ ಮುಂಚೆ

ಬೇರೆ ಬೇರೆ ತಳಿ, ಬೇರೆ ಬೇರೆ ವಯಸ್ಸಿನ ಟರ್ಕಿಗಳನ್ನ ಒಟ್ಟಿಗೆ ಸಾಕಬಹುದಾ ಅಂತ ಕೇಳೋರಿಗೆಲ್ಲ ನನ್ನ ಉತ್ತರ ಒಂದೇ, ಸಾಕಬಹುದು ಆದ್ರೆ ಶೆಡ್ಡಲ್ಲಿ ಅಡ್ಡ ಜಾಲರಿ ಹಾಕೋಕೆ ರೆಡಿ ಇರಬೇಕು. ಎಲ್ಲಾ ಹಕ್ಕಿನೇ ತಾನೇ, ಹೊಂದ್ಕೊಳ್ತವೆ ಬಿಡಿ ಅನ್ನೋರ ಮಾತು ನಂಗಂತೂ ಒಪ್ಪಿಗೆ ಇಲ್ಲ.

ಮೊದಲು ನಾಟಿಕೋಳಿ ವಿಷಯ. ಟರ್ಕಿ ಮರಿಗೆ ತಿನ್ನೋದು ಗೊತ್ತಾಗಲ್ಲ, ಜೊತೆಗೆ ಕೋಳಿಮರಿ ಬಿಡಿ, ಅದನ್ನ ನೋಡಿ ಕಲಿಯುತ್ತೆ ಅಂತಾರೆ. ಕಲಿಯೋದೇನೋ ನಿಜ, ಫೀಡ್ ಮುಂದೆ ಇಟ್ಟುಕೊಂಡೇ ಹಸಿವಿಂದ ಸಾಯೋ ಮರಿಗಳು ಇರ್ತವೆ. ಆದ್ರೆ ಕೋಳಿ ತನ್ನ ಹೊಟ್ಟೇಲಿ ಒಂದು ಜಂತುಹುಳ ಇಟ್ಕೊಂಡಿರುತ್ತೆ, ಹೆಟೆರಾಕಿಸ್ ಅಂತ. ಅದರ ಮೊಟ್ಟೆ ಒಳಗೆ ಬ್ಲ್ಯಾಕ್‌ಹೆಡ್ ಅನ್ನೋ, ಟರ್ಕಿಯ ಲಿವರ್ ಹಾಳುಮಾಡೋ ರೋಗದ ಜೀವಿ ಕೂತಿರುತ್ತೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಹಿಕ್ಕೆ ಹಾಕ್ಕೊಂಡು ಓಡಾಡ್ಕೊಂಡಿರುತ್ತೆ, ಆ ಹುಳದ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಎರೆಹುಳ ಅದನ್ನ ನುಂಗುತ್ತೆ, ಟರ್ಕಿ ಆ ಎರೆಹುಳ ತಿನ್ನುತ್ತೆ, ಮುಗೀತು ಕಥೆ. ರೆಕ್ಕೆ ಇಳಿಬಿಟ್ಟುಕೊಂಡು ಮೂಲೇಲಿ ನಿಂತಿರೋ ಹಕ್ಕಿ ಗಂಧಕದ ಹಳದಿ ಬಣ್ಣದಲ್ಲಿ ಹಿಕ್ಕೆ ಹಾಕ್ತಿದೆ ಅಂದ್ರೆ ಲಿವರ್ ಆಗಲೇ ಹಾಳಾಗಿದೆ ಅಂತ ಲೆಕ್ಕ. ಇದಕ್ಕೆ ಕೊಡ್ತಿದ್ದ ಔಷಧಿಗಳನ್ನ ಮಾಂಸಕ್ಕೆ ಸಾಕೋ ಹಕ್ಕಿಗೆ ಕೊಡಬಾರದು ಅಂತ ಎಷ್ಟೋ ಕಡೆ ನಿಲ್ಲಿಸಿದ್ದಾರೆ, ಅಮೆರಿಕದಲ್ಲಿ ಕೊನೆಗೆ ಉಳಿದಿದ್ದ ನೈಟಾರ್ಸೋನ್ ಕೂಡ 2015ಕ್ಕೆ ಹೋಯ್ತು. ಹಂಗಾಗಿ ಕೋಳಿ ಓಡಾಡಿದ ಜಾಗಕ್ಕೂ ಟರ್ಕಿ ಬಿಡಬೇಡಿ ಅನ್ನೋದು ನನ್ನ ಹಠ. ಮರಿಗೆ ತಿನ್ನೋದು ಕಲಿಸೋಕೆ ನೀರಿಗೆ ನಾಲ್ಕು ಬಣ್ಣದ ಗೋಲಿ ಹಾಕಿ, ಹೊಳೆಯೋದಕ್ಕೆ ಕುಕ್ಕೋಕೆ ಹೋಗಿ ನೀರು ಕುಡಿಯುತ್ತೆ, ಫೀಡಿನ ಮೇಲೂ ಅದೇ ಉಪಾಯ.

ಫೀಡಿಗೆ ಬಂದ್ರೆ ಟರ್ಕಿ ಮರಿಗೆ ಶುರುವಿಗೆ 28% ಪ್ರೋಟೀನ್ ಬೇಕು, ಕೋಳಿಮರಿಗೆ ಶುರುವಿಗೆ ಕೊಡೋ ಸ್ಟಾರ್ಟರ್ ಫೀಡಲ್ಲಿ ಅಷ್ಟಿರಲ್ಲ. ಬ್ರೂಡರ್, ಅಂದ್ರೆ ಮರಿಗಳನ್ನ ಬೆಚ್ಚಗಿಡೋ ಗೂಡು, ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರ ಹಾಗೆ ಇಳಿಸ್ತಾ ಬನ್ನಿ.

ತಳಿ ಬೆರೆಸೋದರಲ್ಲಿ ದೊಡ್ಡ ತಲೆನೋವು ಬ್ರಾಡ್ ಬ್ರೆಸ್ಟೆಡ್ ವೈಟ್. ಮಾಂಸಕ್ಕೆ ಅಂತಾನೇ ಬೆಳೆಸಿರೋ ತಳಿ, ಎದೆ ಎಷ್ಟು ದಪ್ಪ ಅಂದ್ರೆ ಗಂಡಿಗೆ ಸಹಜವಾಗಿ ಕೂಡೋಕೂ ಆಗಲ್ಲ, ಫಾರ್ಮ್‌ಗಳಲ್ಲಿ ಕೃತಕ ಗರ್ಭಧಾರಣೆನೇ ಮಾಡೋದು. ಪಕ್ಕದಲ್ಲಿ ರಾಯಲ್ ಪಾಮ್ ಅನ್ನೋ ಚಿಕ್ಕ ತಳಿಯ ಹೆಣ್ಣು ಐದು ಕೆಜಿ ಆಸುಪಾಸು ಅಷ್ಟೇ. ಅಷ್ಟು ದೊಡ್ಡ ಗಂಡು ಅದರ ಮೇಲೆ ಹತ್ತೋಕೆ ನೋಡಿದ್ರೆ ಉಗುರು ತಾಗಿ ಬೆನ್ನು, ಪಕ್ಕೆ ಸೀಳಿಹೋಗುತ್ತೆ. ಬೆನ್ನಿಗೆ ದಪ್ಪ ಬಟ್ಟೆಯ ಹೊದಿಕೆ ಕಟ್ಟೋರಿದ್ದಾರೆ, ಅದು ಒಂದೇ ಸೈಜಿನ ಹಕ್ಕಿಗಳಿದ್ದಾಗ ಸರಿ, ಇಲ್ಲಿ ಗಂಡನ್ನ ಬೇರೆ ಇಡೋದೇ ದಾರಿ. ಹಕ್ಕಿ ಕೂರೋಕೆ ಹಾಕೋ ಗಳಾನೂ ಅಷ್ಟೇ, ಬೌರ್ಬನ್ ರೆಡ್, ನ್ಯಾರಗಾನ್ಸೆಟ್ ಥರದ ಹಳೇ ತಳಿಗಳು ಎತ್ತರಕ್ಕೆ ಹಾರಿ ಕೂರ್ತವೆ, ಈ ದಪ್ಪಗಳು ಅಲ್ಲಿಂದ ಧುಮುಕಿದ್ರೆ ಕಾಲು ಹೋಗುತ್ತೆ. ಇವುಕ್ಕೆ ಗಳ ನೆಲದ ಹತ್ತಿರ ಇರಲಿ.

ಗಂಡುಗಳ ಜಗಳ ನೋಡೋಕೆ ಮಜಾ, ಮುಖ ಒಂದು ಕ್ಷಣ ಕೆಂಪು, ಮರುಕ್ಷಣ ನೀಲಿ, ನೆತ್ತಿ ಬಿಳಿ. ಆದ್ರೆ ಕೊಕ್ಕಿನ ಮೇಲೆ ಜೋತಾಡೋ ಆ ಉದ್ದನೆ ಮಾಂಸ ಇದೆಯಲ್ಲ, ಒಬ್ಬನದನ್ನ ಇನ್ನೊಬ್ಬ ಕಚ್ಚಿ ಎಳೆಯೋಕೆ ಶುರು ಮಾಡಿದ್ರೆ ರಕ್ತ ಬರೋತನಕ ಬಿಡಲ್ಲ, ರಕ್ತ ಕಂಡ ಮೇಲೆ ಮಿಕ್ಕವೂ ಬಂದು ಕುಕ್ತವೆ. ಗಾಯ ಆದವನನ್ನ ತಕ್ಷಣ ಹೊರಗೆ ಹಾಕಿ, ಮಾಯೋ ತನಕ ವಾಪಸ್ ಬೇಡ. ಹೊಸ ಹಕ್ಕಿ ತಂದ್ರೂ ಸೀದಾ ಒಳಗೆ ಬಿಡಬೇಡಿ, ಮೊದಲು ದೂರ ಇಟ್ಟು ಹುಷಾರಾಗಿದೆಯಾ ನೋಡಿ, ಆಮೇಲೆ ಕೆಲವು ದಿನ ಜಾಲರಿ ಆಚೆ ಇಟ್ಟು ಮುಖ ಪರಿಚಯ ಆಗಲಿ. ಹೆಣ್ಣು ಕಾವಿಗೆ ಕೂತಿದ್ರೆ ಅದರ ಸುತ್ತಾನೂ ಒಂದು ಜಾಲರಿ ಹಾಕಿ, 28 ದಿನ ಕೂರಬೇಕು, ಇನ್ನೊಂದು ಹೆಣ್ಣು ಬಂದು ಅದೇ ಗೂಡಲ್ಲಿ ತೂರಿಕೊಂಡ್ರೆ ಮೊಟ್ಟೆ ಒಡೆಯೋದೇ ಜಾಸ್ತಿ.